ವಾಷರ್ ಮೇಸ್ತ್ರಿಯ ಸೋರುವ ಕಾರು

ನೀರು ಸರಬರಾಜು ಇಲಾಖೆಯಲ್ಲಿ ಅವನ ನಿಜವಾದ ಹೆಸರನ್ನು ಕೂಗುತ್ತಿದ್ದದ್ದು ಸಂಬಳದ ದಿನ ಗುಮಾಸ್ತ ಮಾತ್ರ. ಉಳಿದವರಿಗೆಲ್ಲ ಅವನು ವಾಷರ್ ಮೇಸ್ತ್ರಿ. ಬೇರೆಯವರು ಪೆನ್ನು ಸಿಕ್ಕಿಸುವ ಜೇಬಿನಲ್ಲಿ ಅವನು ರಬ್ಬರಿನ ವಾಷರುಗಳನ್ನು ತುಂಬಿಕೊಂಡು ತಿರುಗುತ್ತಿದ್ದ. ನೆಂಟರ ಮನೆಗೆ ಊಟಕ್ಕೆ ಹೋದರೆ ಕೈ ತೊಳೆಯಲು ಎದ್ದವನು ತೊಟ್ಟಿಕ್ಕುವ ನಲ್ಲಿಯೊಂದು ಕಣ್ಣಿಗೆ ಬಿದ್ದರೆ ಅದನ್ನು ಬಿಚ್ಚಿಕೊಂಡು ಅಲ್ಲೇ ಕೂತುಬಿಡುತ್ತಿದ್ದ. ಇತ್ತ ಬಡಿಸಿದ್ದು ಆರಿ ತಣ್ಣಗಾಗುತ್ತಿತ್ತು, ಹೆಂಡತಿಯ ಮುಖ ಬಿಸಿಯಾಗುತ್ತಿತ್ತು. "ನಿಮ್ಮನ್ನ ಕರ್ಕೊಂಡು ಬರೋದಕ್ಕಿಂತ ಒಂದು ಪಾನಾ ಕಳಿಸೋದು ವಾಸಿ" ಎಂದು ಆಕೆ ದಾರಿಯುದ್ದಕ್ಕೂ ಗೊಣಗುತ್ತಿದ್ದಳು.

ಸೋರಿಕೆಯೆಂದರೆ ಅವನಿಗೆ ಆಗದು. ನೀರು ಪೋಲಾಗುತ್ತದೆ ಎನ್ನುವುದು ಇಲಾಖೆಯ ಮಾತು. ಮೇಸ್ತ್ರಿಯ ಪಾಲಿಗೆ ಅದು ಮಾನದ ಮಾತು. ಮನೆಯ ನೀರು ಬೀದಿಗೆ ಹರಿಯಿತೆಂದರೆ ಆ ಮನೆಯವರಿಗೆ ಲಂಗುಲಗಾಮಿಲ್ಲ ಎಂದೇ ಅವನ ತೀರ್ಮಾನ. ಅಂಥ ಮನೆಗಳ ಗೇಟಿಗೆ ಕೆಂಪು ಚೀಟಿ ಅಂಟಿಸುವ ಕೆಲಸವನ್ನು ಇಲಾಖೆ ಒಪ್ಪಿಸಿದಾಗ ಅವನು ಹಿಂದೆಮುಂದೆ ನೋಡಲಿಲ್ಲ. ಸ್ವಂತ ಷಡ್ಡಕನ ಗೇಟಿಗೂ ಒಂದು ಅಂಟಿಸಿ ಬಂದ. ಷಡ್ಡಕ ಮಾತು ಬಿಟ್ಟ. ಮೇಸ್ತ್ರಿ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ನಲ್ಲಿ ರಿಪೇರಿಯಾಯಿತಲ್ಲ, ಅವನಿಗೆ ಅಷ್ಟು ಸಾಕಾಗಿತ್ತು.

ಇಂಥವನಿಗೆ ಸೋರುವ ಕಾರೊಂದು ಗಂಟುಬಿದ್ದಿತ್ತು. ಕಾರು ಅವನ ಅಣ್ಣನದು. ಅಪ್ಪ ಬೇಗ ತೀರಿಕೊಂಡಾಗ ಅಣ್ಣ ಅದನ್ನು ಬಾಡಿಗೆಗೆ ಓಡಿಸಿ ಮನೆ ನಡೆಸಿದ್ದ, ತಮ್ಮನನ್ನು ಕೊಳಾಯಿ ಕೆಲಸ ಕಲಿಯಲು ಕಳಿಸಿದ್ದ. ಗುಂಡು ಬೆನ್ನಿನ, ದಪ್ಪ ಬಾಗಿಲಿನ ಗಾಡಿ. ಒಂದು ಕಾಲಕ್ಕೆ ಕೆನೆಯ ಬಣ್ಣ, ಈಗ ಯಾವ ಬಣ್ಣವೆಂದು ಹೇಳುವುದು ಕಷ್ಟ. ಇಂಥ ಹಳೆಯ ಕಾರುಗಳನ್ನು ಹುಡುಕಿಕೊಂಡು ಬಂದು, ಉಜ್ಜಿ ಹೊಳೆಯಿಸಿ ಪ್ರದರ್ಶನಕ್ಕಿಡುವ ಶೋಕಿಯವರು ಇದ್ದಾರಂತೆ. ಮೇಸ್ತ್ರಿಗೆ ಅವರ ಗೊಡವೆ ಇರಲಿಲ್ಲ. ಅಣ್ಣ ಹೋದ ಮೇಲೆ ಅತ್ತಿಗೆ ಬೀಗದ ಕೈ ತಂದು ಕೊಟ್ಟು, "ನಿಮ್ಮಣ್ಣ ಇದನ್ನ ಮಗು ಥರ ನೋಡ್ಕೊಂಡ್ರು, ಇನ್ನು ನೀನು ನೋಡ್ಕೋ" ಎಂದಿದ್ದಳು. ಅವನು ನೋಡಿಕೊಂಡ.

ಎಷ್ಟರಮಟ್ಟಿಗೆ ನೋಡಿಕೊಂಡನೆಂದರೆ, ಮನೆ ಕಟ್ಟಿಸುವಾಗಲೂ ಮೊದಲ ಜಾಗ ಕಾರಿಗೇ ಹೋಯಿತು. ಇದ್ದದ್ದು ಅಂಗೈಯಗಲ ಸೈಟು. ಕೆಳಗೆ ಪೂರ್ತಿ ಗ್ಯಾರೇಜು, ಮೇಲೆ ಎರಡು ಕೋಣೆ, ಒಂದು ಅಡುಗೆಮನೆ. ಕಾರಿನ ಬಾಗಿಲು ಸಲೀಸಾಗಿ ತೆರೆಯಲು ಇನ್ನಷ್ಟು ಅಗಲ ಬೇಕಾಗಿ ಬಂದಾಗ ಅದನ್ನು ಮೆಟ್ಟಿಲಿನ ಅಗಲದಲ್ಲಿ ಕದ್ದ. ಹಾಗಾಗಿ ಮೆಟ್ಟಿಲು ಕಡಿದಾಗಿ, ಕಿರಿದಾಗಿ, ಒಬ್ಬರು ಇಳಿಯುವಾಗ ಇನ್ನೊಬ್ಬರು ಕೆಳಗೆ ನಿಂತು ಕಾಯುವಂತಾಯಿತು. ಬೀದಿಯ ಕಡೆಗೆಲ್ಲ ಗ್ಯಾರೇಜಿನ ಷಟರು ಮತ್ತು ಮೆಟ್ಟಿಲಿನ ಗೋಡೆ. ಮೇಲಿನ ಕಿಟಕಿಗಳೆಲ್ಲ ಹಿಂದಿನ ಗೋದಾಮಿನ ಗೋಡೆಯನ್ನು ನೋಡುತ್ತಿದ್ದವು. "ಬೀದಿ ನೋಡೋ ಭಾಗ್ಯ ನಿಮ್ಮ ಗಾಡಿಗೆ, ಗೋಡೆ ನೋಡೋ ಭಾಗ್ಯ ನನಗೆ" ಎಂದು ಹೆಂಡತಿ ಆ ಮನೆಗೆ ಬಂದ ಹೊಸತರಲ್ಲಿ ನಗುತ್ತಲೇ ಹೇಳಿದ್ದಳು.

ಆಗ ನಗಬಹುದಿತ್ತು, ಕಾಲು ಗಟ್ಟಿಯಿತ್ತು. ಬೀದಿ ಬೇಕೆನಿಸಿದಾಗ ದಡದಡ ಇಳಿದು ಹೋಗುತ್ತಿದ್ದಳು. ಎದುರಿನ ಹಾಲಿನಂಗಡಿಯ ಮುಂದಿನ ಬೆಂಚು ಸಂಜೆಯ ಹೊತ್ತು ಅವಳದೇ. ಅಂಗಡಿಯವಳೂ ಅವಳೂ ಕೂತರೆ ಬೀದಿಯಲ್ಲಿ ಯಾರೂ ತಲೆ ತಪ್ಪಿಸಿಕೊಂಡು ಹೋಗುವಂತಿರಲಿಲ್ಲ. ಯಾರ ಮಗಳಿಗೆ ಕೆಲಸ ಸಿಕ್ಕಿತು, ಯಾರ ಮನೆಗೆ ಬಣ್ಣ ಹೊಡೆಸಿದರು, ಯಾರು ಯಾರ ಮೇಲೆ ಮುನಿಸಿಕೊಂಡರು, ಎಲ್ಲ ಅವರಿಬ್ಬರ ಮುಂದೆ ಹಾದೇ ಹೋಗಬೇಕು. ಆ ಒಂದು ಗಂಟೆಯ ಹರಟೆಯಿಂದ ಅವಳಿಗೆ ಇಡೀ ದಿನದ ದಣಿವು ಇಳಿಯುತ್ತಿತ್ತು.

ಆಮೇಲೆ ಮಂಡಿ ಕೈಕೊಟ್ಟಿತು. ಮೊದಲು ಒಂದು, ಅದರ ಭಾರವನ್ನೂ ಹೊತ್ತು ಸುಸ್ತಾಗಿ ಇನ್ನೊಂದು. ಡಾಕ್ಟರು ನೋಡಿ, "ಮೆಟ್ಲು ಹತ್ತಿಳಿಯೋದು ಬಿಡಿ. ಕೆಳಗಡೆ ಮನೆ ಮಾಡ್ಕೊಂಡು, ಮಟ್ಟದ ನೆಲದ ಮೇಲೆ ದಿನಾ ನಡೀರಿ. ಮೇಲೇ ಕೂತುಬಿಟ್ರೆ ಇರೋ ಶಕ್ತೀನೂ ಹೋಗುತ್ತೆ" ಎಂದರು. ಅದಕ್ಕೆ ಬೇರೆ ಮನೆ ಹುಡುಕಬೇಕಾಗಿಯೂ ಇರಲಿಲ್ಲ. ಗ್ಯಾರೇಜಿನ ಮೂಲೆಯಲ್ಲಿ ನಲ್ಲಿ, ಬಚ್ಚಲು, ಪಾಯಿಖಾನೆ ಎಲ್ಲ ಇದ್ದವು, ಮೇಸ್ತ್ರಿಯೇ ಹಾಕಿದ್ದು. ಒಂದು ಮಂಚ, ಒಂದು ಒಲೆ, ಒಂದು ಪರದೆಯಿದ್ದರೆ ಅದು ಮನೆಯೇ. ಕಾರು ಹೊರಗೆ ಹೋಗಬೇಕಿತ್ತು, ಅಷ್ಟೇ.

"ಹೋಗುತ್ತೆ" ಎಂದ ಮೇಸ್ತ್ರಿ. "ಸೋರೋದೊಂದು ನಿಲ್ಲಿಸ್ತೀನಿ. ನಿಂತ ದಿನ ಗಾಡಿ ಬೀದಿಗೆ, ನೀನು ಕೆಳಗೆ. ಅಲ್ಲೀವರೆಗೆ ಸ್ವಲ್ಪ ತಾಳ್ಕೋ."

ಸೋರುತ್ತಲೇ ಬೀದಿಯಲ್ಲಿ ನಿಲ್ಲಿಸಿದ್ದರೆ ಯಾರ ಗಂಟು ಹೋಗುತ್ತಿತ್ತು? ಯಾರದೂ ಇಲ್ಲ. ಆದರೆ ಊರೆಲ್ಲ ಕೆಂಪು ಚೀಟಿ ಅಂಟಿಸಿಕೊಂಡು ಬಂದವನ ಬಾಗಿಲ ಮುಂದೆಯೇ ಎಣ್ಣೆಯ ಮಡು ನಿಲ್ಲುವುದೆಂದರೇನು? ನೆನೆಸಿಕೊಂಡರೇ ಅವನಿಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಇಷ್ಟು ವರ್ಷ ಅವನ ಜೊತೆ ಬಾಳಿದ ಹೆಂಡತಿಗೆ ಅದು ಗೊತ್ತಿತ್ತು. "ಆಯ್ತು" ಎಂದಳು. ಕೆಳಗೆ ಒಯ್ಯಬೇಕಾದ ಸೀರೆಗಳನ್ನು ಮಡಚಿ ಒಂದು ಪೆಟ್ಟಿಗೆಯಲ್ಲಿಟ್ಟುಕೊಂಡಳು.

ಆಗ ಸೋರುತ್ತಿದ್ದದ್ದು ಒಂದೇ ಕಡೆ. ಎಂಜಿನ್ನಿನ ಪಕ್ಕದಿಂದ ಹೆಬ್ಬೆರಳು ದಪ್ಪದ ಪೈಪೊಂದು ಕೆಳಗಿಳಿದು, ನೆಲದ ಕಡೆ ಬಾಯಿ ತೆರೆದುಕೊಂಡು ನಿಂತಿತ್ತು. ಅದರ ತುದಿಯಿಂದ ಆಗೊಮ್ಮೆ ಈಗೊಮ್ಮೆ ಎಣ್ಣೆಯ ಹನಿ. ಮೇಸ್ತ್ರಿ ಕಾರಿನಡಿ ಮಲಗಿ ಟಾರ್ಚು ಬಿಟ್ಟು ನೋಡಿದ. ನೋಡಿದವನಿಗೆ ಸಿಟ್ಟೇ ಬಂತು. ಪೈಪು ಹಾಕಿ ಬಾಯಿ ಮುಚ್ಚದೆ ಎದ್ದು ಹೋಗುವುದೆಂದರೇನು? ತನ್ನ ಕೈಕೆಳಗಿನವನು ಯಾರಾದರೂ ಹೀಗೆ ಮಾಡಿದ್ದರೆ ಅವತ್ತೇ ಮನೆಗೆ ಕಳಿಸುತ್ತಿದ್ದ. ಅಳತೆಗೆ ಕೂರುವ ಕ್ಯಾಪು ಹುಡುಕಿ ತಂದ, ಪೈಪಿನ ತುದಿಗೆ ಸೆಣಬಿನ ನಾರು ಸುತ್ತಿದ, ಮೇಲೆ ಸಂದು ಮುಚ್ಚುವ ಬಿಳಿ ಸಫೇದ ಬಳಿದ, ಕ್ಯಾಪು ಕೂರಿಸಿ ಕ್ಲ್ಯಾಂಪು ಬಿಗಿದ. ನೀರಿನ ಲೈನಾಗಿದ್ದರೆ ಅವನ ಮೊಮ್ಮಕ್ಕಳ ಕಾಲದವರೆಗೂ ಒಂದು ಹನಿ ಬರುತ್ತಿರಲಿಲ್ಲ.

ಮಾರನೆಯ ಬೆಳಿಗ್ಗೆ ನೆಲ ಒಣಗಿತ್ತು. ಮೇಸ್ತ್ರಿ ಮೇಲೆ ಹೋಗಿ, "ಪೆಟ್ಟಿಗೆ ತಗೋ, ಇಳಿಯೋಣ" ಎಂದ. ಗಾಡಿ ಒಂದು ಸುತ್ತು ಓಡಿಸಿ ಬಂದು, ಬೀದಿಯಲ್ಲಿ ನಿಲ್ಲಿಸಿ, ಸಮಾಧಾನಕ್ಕೆ ಇನ್ನೊಂದು ಸಲ ಬಗ್ಗಿ ನೋಡಿದ. ಎಂಜಿನ್ನಿನ ಮೇಲಿನ ಮುಚ್ಚಳದ ಅಂಚಿನಲ್ಲಿ ಎಣ್ಣೆ ಒಸರುತ್ತಿತ್ತು. ಗಾಡಿ ಮತ್ತೆ ಒಳಗೆ ಹೋಯಿತು. ಹೆಂಡತಿಗೆ, "ಇನ್ನೊಂದು ವಾರ" ಎಂದ.

ಆ ವಾರ ಎಷ್ಟು ಉದ್ದವಾಯಿತೆಂದು ಹೇಳುತ್ತ ಹೋದರೆ ಕೇಳುವವರಿಗೂ ಬೆನ್ನು ನೋವು ಬರುತ್ತದೆ. ಮುಚ್ಚಳದ ಪ್ಯಾಕಿಂಗ್ ಬದಲಿಸಿದ. ಎಣ್ಣೆ ಮುಂದುಗಡೆ ಬಂತು. ಮುಂದುಗಡೆ ಬೋಲ್ಟುಗಳನ್ನೆಲ್ಲ ಬಿಗಿದ. ಕೆಳಗಿನ ಎಣ್ಣೆ ತೊಟ್ಟಿಯ ಸುತ್ತ ಬಂತು. ಅಲ್ಲಿಯೂ ಪ್ಯಾಕಿಂಗ್ ಹಾಕಿ ಇನ್ನೇನು ಗೆದ್ದೆ ಅನ್ನುವಾಗ ಎಂಜಿನ್ನಿನ ಬೆನ್ನಿನ ಕಡೆಯಿಂದ ದಳದಳ ಇಳಿಯಿತು. ಅವನು ಬಿಗಿದಷ್ಟೂ ಅದು ಇನ್ನೊಂದು ಕಡೆ ಬಾಯಿ ಬಿಡುತ್ತಿತ್ತು. ಬಿಸಿಲು ಹೋಗಿ ಮಳೆ ಬಂತು, ಮಳೆ ಹೋಗಿ ಚಳಿ ಬಂತು. ನೆಲದ ಮೇಲೆ ಮರದ ಹೊಟ್ಟು, ಹೊಟ್ಟಿನ ಮೇಲೆ ರಟ್ಟು, ರಟ್ಟಿನ ಮೇಲೆ ತಟ್ಟೆಗಳು. ಅಡುಗೆಮನೆಯ ತಟ್ಟೆಗಳೆಲ್ಲ ಒಂದೊಂದಾಗಿ ಕೆಳಗಿಳಿದು ಹೋದವು. ಅವಕ್ಕೇನು, ಮಂಡಿ ನೋವು ಇರಲಿಲ್ಲ.

ಇಲಾಖೆಯಿಂದ ನಿವೃತ್ತನಾಗಿದ್ದ ಮೇಸ್ತ್ರಿಯ ದಿನಚರಿಯೂ ಒಂದು ಗಾಣಕ್ಕೆ ಬಿತ್ತು. ಬೆಳಿಗ್ಗೆ ಎದುರಿನ ಅಂಗಡಿಯಿಂದ ಹಾಲು ತಂದು ಮೇಲಿಟ್ಟರೆ ಕೆಳಗಿಳಿದ ಅಂತಲೇ. ಅಂಗಡಿಯವಳು "ಅಕ್ಕ ಹೇಗಿದ್ದಾರೆ?" ಎಂದರೆ "ಇದ್ದಾಳೆ" ಎನ್ನುತ್ತಿದ್ದ. ಹಿಂದಿನ ದಿನದ ಎಣ್ಣೆ ಬಳಿದು ಹಾಕುವುದು, ಗಾಡಿ ಸ್ಟಾರ್ಟ್ ಮಾಡಿ ಎಲ್ಲಿ ಸೋರುತ್ತದೆಂದು ನೋಡುವುದು, ಆರಿಸಿ ಅಡಿಗೆ ನುಗ್ಗುವುದು. ಹೊಗೆ ಮೆಟ್ಟಿಲು ಹತ್ತಿ ಮನೆಯೊಳಗೆ ಹೋಗುತ್ತಿತ್ತು, ಮೇಲಿನಿಂದ ಕೆಮ್ಮು ಕೇಳುತ್ತಿತ್ತು. ಕೆಮ್ಮು ನಿಂತ ಮೇಲೆ ಅವನು ಪಾನಾ ಎತ್ತಿಕೊಳ್ಳುತ್ತಿದ್ದ. ಊಟಕ್ಕೆ ಹತ್ತಿದಾಗ ಸೊಂಟ ಹಿಡಿದಿರುತ್ತಿತ್ತು, ಕತ್ತು ತಿರುಗುತ್ತಿರಲಿಲ್ಲ, ಎಷ್ಟು ಸೋಪು ಹಾಕಿದರೂ ಉಗುರಿನ ಸಂದಿಯ ಕಪ್ಪು ಹೋಗುತ್ತಿರಲಿಲ್ಲ. ಜೀವ ರೋಸಿಹೋಗಿತ್ತು. ಆದರೂ ಮೆಕ್ಯಾನಿಕ್ಕನ್ನು ಕರೆಯಲು ಬಾಯಿ ಬರಲಿಲ್ಲ. ಸೋರಿಕೆ ನಿಲ್ಲಿಸಲು ವಾಷರ್ ಮೇಸ್ತ್ರಿ ಇನ್ನೊಬ್ಬನನ್ನು ಕರೆಯುವುದೇ?

ಒಂದು ಮಧ್ಯಾಹ್ನ ಊಟಕ್ಕೆ ಕೂತು ಅವನು ಎಣ್ಣೆ ತೊಟ್ಟಿಯ ಬೋಲ್ಟಿನ ವಿಷಯ ಹೇಳುತ್ತಿದ್ದ. ಹೆಂಡತಿ ಒಲೆಯ ಪಕ್ಕದ ಸ್ಟೂಲಿನ ಮೇಲೆ ಕೂತು ಕೇಳುತ್ತಿದ್ದಳು. ಈಗೀಗ ಅವಳು ಅಡುಗೆಯನ್ನೂ ಕೂತೇ ಮಾಡುತ್ತಿದ್ದಳು.

"ಇವತ್ತು ಸ್ವಲ್ಪ ಕಮ್ಮಿ ಆಗಿದೆ" ಎಂದ.

"ನನಗೂ" ಎಂದಳು.

"ನೋವಾ?"

"ಅಲ್ಲ, ಕೇಳೋ ಶಕ್ತಿ."

ಅವನು ನಗಲು ನೋಡಿದ. ಅವಳು ನಗಲಿಲ್ಲ. ತಟ್ಟೆ ಎತ್ತಿಡಲು ಎದ್ದವಳು ಗೋಡೆ ಹಿಡಿದು, ಆಮೇಲೆ ಮೇಜು ಹಿಡಿದು, ಆಮೇಲೆ ಬಾಗಿಲ ಚೌಕಟ್ಟು ಹಿಡಿದು ಹೋದಳು. ಮೇಸ್ತ್ರಿ ಅದನ್ನು ನೋಡಿದನೋ ಇಲ್ಲವೋ ದೇವರಿಗೇ ಗೊತ್ತು. ಅವನ ಕಣ್ಣೆದುರು ಬೋಲ್ಟು ಇತ್ತು.

ಮಗಳಿಗೆ ಅದೇ ಊರಿನಲ್ಲಿ, ಬಸ್ಸಿನ ಡಿಪೋದಲ್ಲಿ ಕೆಲಸ. ವಾರದ ರಜೆಗೆ ಬಂದು ಅಮ್ಮನ ತಲೆ ತೊಳೆದು, ಬಟ್ಟೆ ಒಗೆದು ಹಾಕಿ ಹೋಗುತ್ತಿದ್ದಳು. ಅಮ್ಮನನ್ನು ತನ್ನ ಮನೆಗೆ ಕರೆದುಕೊಂಡು ಹೋಗೋಣವೆಂದರೆ ಅವಳ ಮನೆ ಲಿಫ್ಟಿಲ್ಲದ ಕಟ್ಟಡದ ತುತ್ತತುದಿಯಲ್ಲಿತ್ತು. ಚಳಿಗಾಲದ ಒಂದು ರಜೆಯಲ್ಲಿ ಬಂದವಳು ಅಮ್ಮನ ಕಾಲು ಒತ್ತುತ್ತ ಕೂತಿದ್ದು, ಏನನ್ನಿಸಿತೋ, ಸೀದಾ ಕೆಳಗಿಳಿದು ಬಂದು ಷಟರಿನ ಬಳಿ ನಿಂತಳು. ಕಾರಿನಡಿಯಿಂದ ಅಪ್ಪನ ಕಾಲುಗಳು ಮಾತ್ರ ಕಾಣುತ್ತಿದ್ದವು.

"ಅಪ್ಪಾ, ಅಮ್ಮನ ಮೀನಖಂಡ ನೋಡಿದೀರಾ?"

"ಯಾಕೆ, ಏನಾಯ್ತು?" ಎಂದವು ಕಾಲುಗಳು.

"ಕರಗಿಹೋಗಿದೆ. ನಡೆಯದೆ ನಡೆಯದೆ ಕೈಯಷ್ಟು ಸಣ್ಣಗಾಗಿದೆ. ಈ ಗಾಡಿ ಮಾರಿಬಿಡಿ."

"ಅಣ್ಣಂದು ಅದು."

"ಅಮ್ಮ ಯಾರದು?"

ಪಾನಾ ನೆಲಕ್ಕಿಟ್ಟ ಸದ್ದಾಯಿತು. ಆಮೇಲೆ, "ಮಾರೋಕಾಗಲ್ಲ ಕಣಮ್ಮ. ನಿಲ್ಲುತ್ತೆ, ಈ ಸಲ ನಿಲ್ಲುತ್ತೆ" ಎಂಬ ದಣಿದ ದನಿ ಬಂತು. ಮಗಳಿಗೆ ಜಗಳ ಆಡುವಷ್ಟು ಸಿಟ್ಟಿತ್ತು, ಆದರೆ ಆ ದನಿ ಕೇಳಿ ಅದು ಇಳಿಯಿತು. ಅವಳು ಅಪ್ಪನನ್ನು ಕೇಳದೆ, ದೊಡ್ಡಪ್ಪನ ಕಾಲದಲ್ಲಿ ಆ ಗಾಡಿ ನೋಡಿಕೊಳ್ಳುತ್ತಿದ್ದ ಮೆಕ್ಯಾನಿಕ್ಕಿನ ಮನೆ ಹುಡುಕಿಕೊಂಡು ಹೋದಳು.

ಮೆಕ್ಯಾನಿಕ್ಕು ಮಾರನೆಯ ದಿನ ಆಕಳಿಸುತ್ತಲೇ ಬಂದ. ಅವನಿಗೂ ವಯಸ್ಸಾಗಿತ್ತು, ಗಾಡಿ ಕೆಲಸ ಬಿಟ್ಟು ಮಗನ ಟೈರಿನ ಅಂಗಡಿಯಲ್ಲಿ ಕುರ್ಚಿ ಬಿಸಿ ಮಾಡುತ್ತಿದ್ದ. ಮೇಸ್ತ್ರಿಗೆ ಅವನನ್ನು ಕಂಡು ಮುಖ ಗಂಟಾದರೂ, ಕಳಿಸಿಬಿಡುವಷ್ಟು ತ್ರಾಣ ಉಳಿದಿರಲಿಲ್ಲ. ಎಲ್ಲೆಲ್ಲಿ ಏನೇನು ಮಾಡಿದೆನೆಂದು ಒಂದು ಕಡೆಯಿಂದ ಹೇಳಿದ. ಮೆಕ್ಯಾನಿಕ್ಕು ಹೂಂಗುಟ್ಟುತ್ತ ಕೇಳಿ, ಹಳೆಯ ಗೋಣಿಚೀಲ ಹಾಸಿಕೊಂಡು ಅಡಿಗೆ ತೂರಿದ. ಒಳಗಿನಿಂದ ಸದ್ದಿಲ್ಲ. ನಿದ್ದೆ ಹೋದನೋ ಏನೋ ಎಂದು ಮೇಸ್ತ್ರಿ ಬಗ್ಗಿದ.

"ಇದಕ್ಕೆ ಕ್ಯಾಪು ಯಾರು ಹಾಕಿದ್ದು?"

"ನಾನೇ. ಬಾಯಿ ತೆರ್ಕೊಂಡಿತ್ತು. ಮೊದಲು ಸೋರ್ತಿದ್ದದ್ದೇ ಅಲ್ಲಿಂದ."

ಮೆಕ್ಯಾನಿಕ್ಕು ಹೊರಗೆ ಬಂದು ಕೂತ. ನಗುತ್ತಾನೆಂದು ಮೇಸ್ತ್ರಿ ಕಾದ. ಅವನು ನಗಲಿಲ್ಲ, ಅದೇ ಇನ್ನೂ ಕೆಟ್ಟದಾಗಿತ್ತು.

"ಅದು ಗಾಳಿ ಹೋಗೋ ಪೈಪು, ಮೇಸ್ತ್ರಿ. ಎಂಜಿನ್ ಓಡ್ತಾ ಒಳಗೆ ಗಾಳಿ ತುಂಬ್ಕೊಳ್ಳುತ್ತೆ, ಹೊರಗೆ ಹೋಗೋದು ಇಲ್ಲಿಂದ. ಹೋಗ್ತಾ ಹೋಗ್ತಾ ಒಂದೆರಡು ಹನಿ ಎಣ್ಣೇನೂ ತರುತ್ತೆ. ನೀವು ಅದರ ಬಾಯಿ ಕಟ್ಟಿದ್ರಿ. ಅದು ಎಲ್ಲಿ ಸಂದು ಸಿಗುತ್ತೋ ಅಲ್ಲೆಲ್ಲ ಎಣ್ಣೆ ತಳ್ಕೊಂಡು ಬಂತು. ಮುಂದೆ ಬಿಗಿದ್ರೆ ಹಿಂದೆ, ಹಿಂದೆ ಬಿಗಿದ್ರೆ ಕೆಳಗೆ. ಇನ್ನೇನು ಮಾಡುತ್ತೆ ಪಾಪ."

ಮೇಸ್ತ್ರಿ ನಾಲಿಗೆ ಕಚ್ಚಿಕೊಂಡ. ನೀರಿನ ದೊಡ್ಡ ಲೈನಿನಲ್ಲೂ ಗಾಳಿ ಸೇರಿಕೊಳ್ಳುತ್ತದೆ. ಅದನ್ನು ಬಿಡಲು ಎತ್ತರದ ಜಾಗದಲ್ಲಿ ಏರ್ ವಾಲ್ವು ಕೂರಿಸುತ್ತಾರೆ, ಇಲ್ಲದಿದ್ದರೆ ಪೈಪು ಒಡೆಯುತ್ತದೆ. ಎಷ್ಟೋ ವಾಲ್ವುಗಳನ್ನು ಅವನ ಕೈಯೇ ಕೂರಿಸಿತ್ತು. ಹೊಸಬರಿಗೆ ಅದನ್ನು ಹೇಳಿಕೊಟ್ಟದ್ದೂ ಅವನೇ. ಆದರೆ ಮನೆಯ ನೆಲದ ಮೇಲೆ ಹನಿ ಕಂಡ ಕೂಡಲೇ ಕಲಿತದ್ದೆಲ್ಲ ಮರೆತು ಮುಚ್ಚುವುದೊಂದೇ ತೋಚಿತ್ತು. ಅವನಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

"ಈಗ ತೆಗೆದ್ರೆ ಸರಿಹೋಗುತ್ತಾ?" ಎಂದು ಕೇಳಿದ.

"ಮಿಕ್ಕಿದ್ದೆಲ್ಲ ಹೋಗುತ್ತೆ. ಎಣ್ಣೆ ತಡೆಯೋ ಹಿಂದಿನ ಸೀಲು ಮಾತ್ರ ಕಿತ್ತುಹೋಗಿದೆ. ಎಂಜಿನ್ ಇಳಿಸ್ಬೇಕು. ಈ ಗಾಡಿ ಸೀಲು ಎಲ್ಲಿ ಸಿಗುತ್ತೆ ಈಗ? ಹುಡುಕ್ಬಹುದು, ಸಿಕ್ಕಿದಾಗ ಸಿಕ್ತು. ಸಿಕ್ಕಿ ಹಾಕಿದ್ರೂ ಈ ಪೈಪು ಹನಿ ಬಿಡೋದು ಬಿಡೋದೇ. ಇದರ ಹುಟ್ಟುಗುಣ ಅದು."

"ಪೂರ್ತಿ ನಿಲ್ಲೋದೇ ಇಲ್ವಾ?"

"ನಿಮ್ಮಣ್ಣನ ಕಾಲದಲ್ಲೂ ನಿಂತಿರಲಿಲ್ಲ. ಅವರು ಕೆಳಗೊಂದು ಡಬ್ಬ ಕಟ್ಕೊಂಡೇ ಓಡಾಡ್ತಿದ್ರು. ತುಂಬಿದಾಗ ಬಿಚ್ಚಿ ಚೆಲ್ಲೋರು. ತಲೇನೇ ಕೆಡಿಸ್ಕೊಳ್ತಿರಲಿಲ್ಲ." ಮೆಕ್ಯಾನಿಕ್ಕು ಕ್ಯಾಪು ಬಿಚ್ಚಿ ಮೇಸ್ತ್ರಿಯ ಕೈಗಿಟ್ಟು, ಇನ್ನೊಮ್ಮೆ ಆಕಳಿಸಿ, ಟೀ ಕೂಡ ಕುಡಿಯದೆ ಹೊರಟುಹೋದ.

ಮೇಸ್ತ್ರಿ ಕಾರಿನ ಮೆಟ್ಟುಹಲಗೆಯ ಮೇಲೆ ಕೂತ. ಸೋರುವುದು ನಿಂತ ದಿನ ಎಂದು ಹೆಂಡತಿಗೆ ಹೇಳಿದ್ದ. ಆ ದಿನ ಎನ್ನುವುದೇ ಇರಲಿಲ್ಲ. ಇಲ್ಲದ ದಿನವೊಂದನ್ನು ತೋರಿಸಿ ಅವಳನ್ನು ಮೇಲೆ ಕೂರಿಸಿದ್ದ, ಅವಳು ಪೆಟ್ಟಿಗೆ ಕಟ್ಟಿಕೊಂಡು ಕೂತಿದ್ದಳು.

ಮೇಲೆ ಹೋಗಿ ಎಲ್ಲ ಹೇಳಿದ. ಕ್ಯಾಪಿನ ವಿಷಯವನ್ನೂ ಮುಚ್ಚಿಡಲಿಲ್ಲ. ಅವಳು ಹಾಸಿಗೆಯ ಮೇಲೆ ಕಾಲು ಚಾಚಿ ಗೋದಾಮಿನ ಗೋಡೆ ನೋಡುತ್ತ ಕೇಳಿದಳು.

"ಅಂದ್ರೆ ಮೊದಲ ದಿನದಿಂದಾನೂ ನೀವೇ ಸೋರಿಸ್ತಿದ್ರಿ" ಎಂದಳು.

"ಹೂಂ."

"ನನಗೆ ಗಾಡಿ ಮೇಲೆ ಸಿಟ್ಟಿಲ್ಲ ಕಣ್ರೀ. ನಿಮ್ಮಣ್ಣನ ಮೇಲೂ ಇಲ್ಲ. ಒಂದು ಮಾತು ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಮೇಲೆ ಬಂದಾಗಲೆಲ್ಲ ಎಣ್ಣೆ ಎಲ್ಲಿ ಬಂತು, ಎಷ್ಟು ಬಂತು ಅಂತ ಹೇಳ್ತೀರಿ. ಮಂಡಿ ಹೇಗಿದೆ ಅಂತ ಕೇಳೇ ಇಲ್ಲ ನೀವು. ನಾನು ಕಾಯ್ತಿದ್ದೆ, ಇವತ್ತು ಕೇಳ್ತಾರೆ, ನಾಳೆ ಕೇಳ್ತಾರೆ ಅಂತ."

ಮೇಸ್ತ್ರಿ ಹತ್ತಿರ ಬಂದ. ಅವಳ ಪಾದದ ಬಳಿ ಕೂತ. ಸೀರೆಯ ಅಂಚು ಸ್ವಲ್ಪ ಸರಿದಿತ್ತು, ಮಗಳು ಹೇಳಿದ ಮೀನಖಂಡ ಕಾಣುತ್ತಿತ್ತು. ಮುಟ್ಟೋಣವೆಂದು ಕೈ ಚಾಚಿದವನು ಕೈಯ ಕಪ್ಪು ನೋಡಿ ಹಿಂದಕ್ಕೆ ತೆಗೆದ. "ಹೇಗಿದೆ?" ಎಂದು ಕೇಳಿದ.

"ಏನೂ ಚೆನ್ನಾಗಿಲ್ಲ" ಎಂದಳು ಅವಳು.

ಮಾರನೆಯ ಬೆಳಿಗ್ಗೆಯೇ ಮೇಸ್ತ್ರಿ ಷಟರು ಎತ್ತಿ ಕಾರನ್ನು ಹೊರಗೆ ತಂದ. ರಜೆ ಹಾಕಿ ಬಂದಿದ್ದ ಮಗಳು ಮುಂದೆ ನಿಂತು ದಾರಿ ತೋರಿಸಿದಳು. ಗ್ಯಾರೇಜಿನಿಂದ ಬೀದಿಯ ಅಂಚಿನವರೆಗೆ ಎಣ್ಣೆಯ ಗೆರೆ ಬಿತ್ತು, ನಿಲ್ಲಿಸಿದ ಜಾಗದಲ್ಲಿ ಹನಿ ಇಳಿಯತೊಡಗಿತು. ಪಕ್ಕದ ಮನೆಯ ನಿವೃತ್ತ ಬ್ಯಾಂಕ್ ಗುಮಾಸ್ತ ಪೇಪರು ಮಡಚಿಕೊಂಡು ಬಂದು ಇಣುಕಿ ನೋಡಿ, "ಏನ್ ಮೇಸ್ತ್ರಿ, ಬೀದಿಗೇ ಬಿಟ್ರಲ್ಲ. ಇದಕ್ಕೆ ಕೆಂಪು ಚೀಟಿ ಯಾರು ಅಂಟಿಸ್ತಾರೆ?" ಎಂದ. ಇಷ್ಟು ದಿನ ಯಾವ ಮಾತಿಗೆ ಹೆದರಿ ಮೇಸ್ತ್ರಿ ಮಣ್ಣು ತಿಂದಿದ್ದನೋ ಅದೇ ಮಾತು. ಕೇಳಿದರೆ ಸತ್ತೇಹೋಗುತ್ತೇನೆಂದು ಅಂದುಕೊಂಡಿದ್ದ. "ನೀವೇ ಅಂಟಿಸಿ, ನನಗೆ ಕೆಲಸ ಇದೆ" ಎಂದು ಮೆಟ್ಟಿಲ ಕಡೆ ಹೋದ.

ಗ್ಯಾರೇಜಿನ ನೆಲವನ್ನು ಅಪ್ಪ ಮಗಳು ಸೇರಿ ಉಜ್ಜಿದರು. ಕಪ್ಪು ಪೂರ್ತಿ ಹೋಗಲಿಲ್ಲ. ಅದರ ಮೇಲೆ ಚಾಪೆ ಹಾಸಿ, ಮಂಚ ಇಟ್ಟು, ಬಾಗಿಲ ಬಳಿ ಒಂದು ಕುರ್ಚಿ ಹಾಕಿದರು. ಆಮೇಲೆ ಹೆಂಡತಿಯನ್ನು ಇಳಿಸುವ ಕೆಲಸ. ಮೆಟ್ಟಿಲು ಇಬ್ಬರು ಪಕ್ಕಪಕ್ಕ ನಿಲ್ಲುವಷ್ಟೂ ಅಗಲವಿಲ್ಲ. ಕುರ್ಚಿಯಲ್ಲಿ ಕೂರಿಸಿ ಇಳಿಸೋಣವೆಂದರೆ ಕುರ್ಚಿ ಗೋಡೆಗೆ ಸಿಕ್ಕಿಕೊಳ್ಳುತ್ತಿತ್ತು. ಕೊನೆಗೆ ಅವಳು ಮೆಟ್ಟಿಲ ಮೇಲೇ ಕೂತು, ಕೂತಲ್ಲಿಂದ ಕೆಳಗಿನ ಮೆಟ್ಟಿಲಿಗೆ ಜಾರುತ್ತ ಬಂದಳು. ಮಗಳು ಹಿಂದಿನಿಂದ ಕಂಕುಳಿಗೆ ಕೈ ಕೊಟ್ಟಿದ್ದಳು, ಮೇಸ್ತ್ರಿ ಮುಂದೆ ಹಿಮ್ಮುಖವಾಗಿ ಇಳಿಯುತ್ತ ಅವಳ ಎರಡೂ ಪಾದಗಳನ್ನು ಹಿಡಿದು ಒಂದೊಂದಾಗಿ ಕೆಳಗಿಡುತ್ತಿದ್ದ. ಪಾದಗಳು ತಣ್ಣಗಿದ್ದವು, ಹಗುರವಾಗಿದ್ದವು. ಅಷ್ಟು ಹಗುರವಾದದ್ದು ಯಾವಾಗ ಎಂದು ಅವನಿಗೆ ಗೊತ್ತಿರಲಿಲ್ಲ.

ನಡುವೆ ಒಂದು ಕಡೆ ಅವಳು ಗೋಡೆಗೆ ತಲೆ ಆನಿಸಿ ಅಲ್ಲೇ ಕೂತುಬಿಟ್ಟಳು. ಉಸಿರು ಮೇಲೆ ಕೆಳಗೆ ಆಗುತ್ತಿತ್ತು. "ನಿಮ್ಮ ಗಾಡಿಗೆ ಇಷ್ಟು ಅಗಲ ಕೊಟ್ಟು, ಮನುಷ್ಯರಿಗೆ ಇಷ್ಟೇ ಉಳಿಸಿದ್ರಲ್ರೀ" ಎಂದಳು. ಬೈಗುಳದಂತೆಯೇ ಹೇಳಿದಳು, ಆದರೆ ಅವನ ಭುಜ ಹಿಡಿದುಕೊಂಡಳು.

"ತಪ್ಪಾಯ್ತು" ಎಂದ ಮೇಸ್ತ್ರಿ. ಅಷ್ಟು ವರ್ಷದ ಸಂಸಾರದಲ್ಲಿ ಅವನು ಅವಳಿಗೆ ಆ ಮಾತು ಹೇಳಿದ್ದು ಅದೇ ಮೊದಲು.

ಕುರ್ಚಿಯಲ್ಲಿ ಕೂತ ಮೇಲೆ ಅವಳು ನೀರು ಕೇಳಿ ಕುಡಿದಳು. ಮಗಳು ಸೆರಗು ಸರಿಮಾಡಿ, ಕೂದಲು ಒಪ್ಪ ಮಾಡಿದಳು. "ಷಟರು ಪೂರ್ತಿ ಎತ್ತಿ" ಎಂದಳು ಹೆಂಡತಿ. ಮೇಸ್ತ್ರಿ ಎತ್ತಿದ. ಬಿಸಿಲು ಅವಳ ಮಡಿಲವರೆಗೂ ಬಂತು. ಸೈಕಲ್ಲಿನವನೊಬ್ಬ ಹೋದ, ಶಾಲೆಯ ಮಕ್ಕಳು ಹೋದರು, ಯಾರೋ ಗುರುತಿಲ್ಲದ ಹೆಂಗಸು ಹೋದಳು. ಅವಳು ಕಣ್ಣು ಕಿರಿದು ಮಾಡಿ ಒಬ್ಬೊಬ್ಬರನ್ನೂ ನೋಡುತ್ತಿದ್ದಳು. ಮುಖದಲ್ಲಿ ಸಂತೋಷ ಅಂತ ಹೇಳುವಂಥದ್ದೇನೂ ಇರಲಿಲ್ಲ. ಸುಸ್ತಾಗಿ ಬಂದು ಕೂತವರ ಮುಖ ಅದು.

ಮೇಸ್ತ್ರಿ ಒಂದು ಅಗಲವಾದ ತಟ್ಟೆ ಹಿಡಿದುಕೊಂಡು ಕಾರಿನ ಬಳಿ ಹೋದ. ಎದುರಿನ ಹಾಲಿನಂಗಡಿಯವಳು ಇತ್ತ ನೋಡಿದವಳೇ, ಗಿರಾಕಿಯನ್ನು ಅಲ್ಲೇ ಬಿಟ್ಟು ಸೆರಗಿಗೆ ಕೈ ಒರೆಸಿಕೊಳ್ಳುತ್ತ ರಸ್ತೆ ದಾಟಿ ಬಂದಳು.

"ಅಕ್ಕಾ, ಯಾವಾಗ ಬಂದ್ರಿ? ಎಷ್ಟೊಂದು ಇಳಿದುಹೋಗಿದೀರ. ಇಷ್ಟು ದಿನ ಮಗಳ ಮನೇಲಿದ್ರಾ? ನಾನು ಹಂಗೇ ಅನ್ಕೊಂಡಿದ್ದೆ. ಮೇಸ್ತ್ರಿಯವರನ್ನ ಕೇಳಿದ್ರೆ ಬಾಯೇ ಬಿಡ್ತಿರಲಿಲ್ಲ."

ಮಗಳು ಏನೋ ಹೇಳಲು ಬಾಯಿ ತೆರೆದಳು. ಅಮ್ಮ ಮಗಳ ಕೈ ಅದುಮಿ ಹಿಡಿದು, ಕಾರಿನ ಆಚೆ ನಿಂತ ಗಂಡನನ್ನೊಮ್ಮೆ ನೋಡಿದಳು.

"ಹೂಂ ಕಣೇ" ಎಂದಳು. "ಇವತ್ತೇ ಬಂದೆ."

ಮೇಸ್ತ್ರಿ ತಟ್ಟೆಯನ್ನು ಸರಿಯಾಗಿ ಇಡುವವನಂತೆ ಕಾರಿನಡಿಗೆ ಬಗ್ಗಿದ. ಬಗ್ಗಿದವನು ಬಹಳ ಹೊತ್ತು ಏಳಲಿಲ್ಲ.